ಹೆಡ್‌ಲೈಟ್ ಮಂಕಾದಾಗ: ಕರೆಂಟ್ ಎಲ್ಲಿ ತಡೆಯುತ್ತಿದೆ ಎಂದು ಹುಡುಕಿ ಸರಿಪಡಿಸುವ ಸಮಗ್ರ ಮಾರ್ಗದರ್ಶಿ

ಜುಲೈ ತಿಂಗಳ ಮಳೆಯಲ್ಲಿ, ಕತ್ತಲಾದ ಮೇಲೆ ಆಗುಂಬೆ ಘಾಟಿಯ 14 ತಿರುವುಗಳನ್ನು ಹತ್ತಿದವರಿಗೆ ಹೆಡ್‌ಲೈಟಿನ ಬೆಲೆ ಗೊತ್ತಿರುತ್ತದೆ. ಎರಡು ಮಳೆಗಾಲದ ಹಿಂದೆ ಸೋಮೇಶ್ವರದಿಂದ ಮೇಲೆ ಬರುವಾಗ ನಮ್ಮ ಹನ್ನೆರಡು ವರ್ಷದ ಹಳೆಯ ಕಾರಿನ ಎಡಗಡೆಯ ದೀಪ ಚಿಮಣಿ ಬುಡ್ಡಿಯಂತೆ ಕೆಂಪಗೆ ಉರಿಯುತ್ತಿತ್ತು. ರಸ್ತೆಯ ಎಡ ಅಂಚು ಎಲ್ಲಿ ಮುಗಿಯುತ್ತದೆ ಎಂದು ಕಾಣುತ್ತಿರಲಿಲ್ಲ. ಅದಕ್ಕೂ ಮುಂಚೆ ಒಂದೇ ವರ್ಷದಲ್ಲಿ ಎರಡು ಬಾರಿ ಆ ಬದಿಯ ಬಲ್ಬ್ ಬದಲಾಗಿತ್ತು. ಎರಡು ಸಲವೂ ನಾಲ್ಕು ದಿನ ಸ್ವಲ್ಪ ಪರವಾಗಿಲ್ಲ ಎನಿಸಿ, ಮತ್ತೆ ಅದೇ ಮಂಕು.

ಆ ರಾತ್ರಿ ಒಂದು ತಿರುವಿನಲ್ಲಿ ಎಡ ಇಂಡಿಕೇಟರ್ ಹಾಕಿದೆ. ಇಂಡಿಕೇಟರ್ ಮಿನುಗಿದಾಗಲೆಲ್ಲ ಎಡ ಹೆಡ್‌ಲೈಟೂ ಅದರ ತಾಳಕ್ಕೆ ಕುಗ್ಗಿ ಹಿಗ್ಗುತ್ತಿತ್ತು. ತಪ್ಪು ಬಲ್ಬಿನದ್ದಲ್ಲ ಎಂದು ಅಲ್ಲಿಯೇ ಖಚಿತವಾಯಿತು. ಇಂಡಿಕೇಟರಿಗೂ ಹೆಡ್‌ಲೈಟಿಗೂ ಸ್ವಿಚ್ ಬೇರೆ, ಫ್ಯೂಸ್ ಬೇರೆ. ಎರಡಕ್ಕೂ ಸಾಮಾನ್ಯವಾಗಿ ಒಂದೇ ಆಗಿರುವುದು ಕರೆಂಟ್ ಕಾರಿನ ಲೋಹದ ಬಾಡಿಯ ಮೂಲಕ ಬ್ಯಾಟರಿಯ ನೆಗೆಟಿವ್‌ಗೆ ಹಿಂತಿರುಗುವ ದಾರಿ, ಅಂದರೆ ಅರ್ತಿಂಗ್.

ತೋಟದ ಕೊನೆಯ ಸ್ಪ್ರಿಂಕ್ಲರ್ ತಿರುಗದಿದ್ದರೆ ನಾವು ಹೊಸ ಸ್ಪ್ರಿಂಕ್ಲರ್ ಕೊಳ್ಳಲು ಓಡುವುದಿಲ್ಲ. ಪೈಪಿನಲ್ಲಿ ಒತ್ತಡ ಎಲ್ಲಿ ಕಳೆದುಹೋಯಿತು ಎಂದು ಜಾಯಿಂಟಿನಿಂದ ಜಾಯಿಂಟಿಗೆ ನೋಡುತ್ತಾ ಹೋಗುತ್ತೇವೆ. ಹೆಡ್‌ಲೈಟಿಗೂ ಅದೇ ಕ್ರಮ ಬೇಕು. ಇಲ್ಲಿ ಒತ್ತಡದ ಹೆಸರು ವೋಲ್ಟೇಜ್, ಅದನ್ನು ನೋಡುವ ಕಣ್ಣು ಕೆಲವೇ ನೂರು ರೂಪಾಯಿಯ ಮಲ್ಟಿಮೀಟರ್. ಈ ಬರಹ ಹ್ಯಾಲೋಜನ್ ಬಲ್ಬಿನ ಕಾರುಗಳಿಗೆ, ಅದರಲ್ಲೂ ಒಂದೇ ಬಲ್ಬಿನಲ್ಲಿ ಲೋ ಬೀಮ್ ಮತ್ತು ಹೈ ಬೀಮ್ ಎರಡೂ ಇರುವ, ಮೂರು ಪಿನ್ನಿನ ಎಚ್4 ಬಲ್ಬಿನ ಕಾರುಗಳಿಗೆ. ನಮ್ಮ ರಸ್ತೆಗಳ ಮೇಲಿರುವ ಹಳೆಯ ಸಣ್ಣ ಕಾರುಗಳಲ್ಲಿ ಹೆಚ್ಚಿನವು ಇಂಥವೇ. ಎಚ್7 ಬಲ್ಬಿದ್ದರೆ ಲೋ ಬೀಮಿಗೆ, ಹೈ ಬೀಮಿಗೆ ಬೇರೆ ಬೇರೆ ಬಲ್ಬ್ ಇರಬಹುದು, ಪಿನ್ ಎರಡೇ. ಪರೀಕ್ಷೆಯ ಕ್ರಮ ಮಾತ್ರ ಇದೇ.

ಕಂಪನಿಯಿಂದಲೇ ಝೀನಾನ್ ದೀಪ ಬಂದಿರುವ ಕಾರಾದರೆ ಕೈ ಹಾಕಬೇಡಿ. ಅದು ಹೊತ್ತಿಕೊಳ್ಳುವ ಕ್ಷಣದಲ್ಲಿ 20,000 ವೋಲ್ಟ್‌ಗೂ ಮೀರಿದ ಒತ್ತಡ ಹುಟ್ಟುತ್ತದೆ. ಕಂಪನಿ ಅಳವಡಿಸಿದ ಎಲ್ಇಡಿ ದೀಪಗಳನ್ನು ಕಂಪ್ಯೂಟರ್ ನಿಯಂತ್ರಿಸುತ್ತದೆ, ಅವುಗಳ ಪರೀಕ್ಷೆಯ ರೀತಿಯೇ ಬೇರೆ.

ಕೆಲಸಕ್ಕೆ ಬೇಕಾದವು

ಡಿಜಿಟಲ್ ಮಲ್ಟಿಮೀಟರ್ ಇಲ್ಲದೆ ಆರಂಭಿಸಬೇಡಿ. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆಯಲ್ಲಿ, ಬೇರೆ ಊರಿನವರಿಗೆ ಯಾವುದೇ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಅದು ಸಿಗುತ್ತದೆ. ಅತಿ ಅಗ್ಗದ್ದೂ ಈ ಕೆಲಸಕ್ಕೆ ಸಾಕು. ಜೊತೆಗೆ ಒಂದು ಟೆಸ್ಟ್ ಲ್ಯಾಂಪ್ ಮಾಡಿಕೊಳ್ಳಿ: 12 ವೋಲ್ಟ್, 21 ವ್ಯಾಟಿನ ಇಂಡಿಕೇಟರ್ ಬಲ್ಬ್, ಅದರ ಹೋಲ್ಡರ್, ಎರಡು ಮೊಳ ವೈರು, ತುದಿಗೆ ಎರಡು ಕ್ಲಿಪ್. ಇವಲ್ಲದೆ 10 ಮತ್ತು 12ರ ಸ್ಪ್ಯಾನರ್, ಸ್ಕ್ರೂಡ್ರೈವರ್, ಇಕ್ಕಳ, ನುಣುಪಾದ ಉಪ್ಪುಕಾಗದ, ಸಣ್ಣ ತಂತಿ ಬ್ರಷ್, ಎರಡು ಗುಂಡುಸೂಜಿ, ಎಲೆಕ್ಟ್ರಿಕಲ್ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ, ವ್ಯಾಸಲೀನ್. ಮತ್ತು ಒಂದು ಹಾಳೆ, ಪೆನ್ನು. ಅಳತೆಗಳನ್ನು ಬರೆದುಕೊಳ್ಳದೆ ಹೋದರೆ ಮೂರನೆಯ ಓದಿಗೆ ಮೊದಲನೆಯದು ಮರೆತಿರುತ್ತದೆ.

ಕೈಗಡಿಯಾರ, ಉಂಗುರ, ಬಳೆ ತೆಗೆದಿಡಿ. ಬ್ಯಾಟರಿಯ ಪಾಸಿಟಿವ್‌ಗೂ ಬಾಡಿಗೂ ನಡುವೆ ಉಂಗುರವೋ ಸ್ಪ್ಯಾನರೋ ಸಿಕ್ಕಿಕೊಂಡರೆ ಅದು ಕೆಂಪಗೆ ಕಾದು ಬೆರಳನ್ನು ಸುಡುತ್ತದೆ. ಎಂಜಿನ್ ಚಾಲೂ ಇಟ್ಟು ಅಳೆಯುವಾಗ ರೇಡಿಯೇಟರ್ ಫ್ಯಾನ್ ಯಾವಾಗ ಬೇಕಾದರೂ ತಿರುಗಬಹುದು. ಸೆರಗು, ಶಾಲು, ಪಂಚೆಯ ಅಂಚು, ಮಲ್ಟಿಮೀಟರಿನ ವೈರು ಅದರ ಹತ್ತಿರ ಸುಳಿಯಬಾರದು. ವೈರು ಕತ್ತರಿಸುವ ಅಥವಾ ನಟ್ಟು ಬಿಚ್ಚುವ ಕೆಲಸಕ್ಕೆ ಮುಂಚೆ ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚಿಡಿ. ಹಳದಿ ಬಣ್ಣದ ಕನೆಕ್ಟರ್ ಅಥವಾ ಹಳದಿ ಹೊದಿಕೆಯ ವೈರು ಏರ್‌ಬ್ಯಾಗಿನದ್ದಾಗಿರುತ್ತದೆ, ಅದಕ್ಕೆ ಸೂಜಿಯನ್ನಾಗಲಿ ಟೆಸ್ಟ್ ಲ್ಯಾಂಪನ್ನಾಗಲಿ ತಾಗಿಸಲೇಬಾರದು.

ಮೊದಲ ಹಂತ: ಗೋಡೆಯ ಮುಂದೆ ನಿಲ್ಲಿಸಿ ನೋಡಿ

ಸಂಜೆ ಕತ್ತಲಾದ ಮೇಲೆ ಕಾರನ್ನು ಬಿಳಿ ಗೋಡೆಯ ಮುಂದೆ ನಿಲ್ಲಿಸಿ. ಲೋ ಬೀಮ್, ಹೈ ಬೀಮ್, ಎಂಜಿನ್ ಆರಿಸಿ, ಎಂಜಿನ್ ಹಚ್ಚಿ, ಹೀಗೆ ನಾಲ್ಕು ರೀತಿಯಲ್ಲೂ ನೋಡಿ. ಬಾನೆಟ್ ಎತ್ತುವ ಮೊದಲೇ ಅರ್ಧ ಉತ್ತರ ಸಿಗುತ್ತದೆ.

ಒಂದು ಬದಿಯ ಲೋ ಬೀಮ್ ಮಾತ್ರ ಸಂಪೂರ್ಣ ಸತ್ತು, ಅದೇ ಬದಿಯ ಹೈ ಬೀಮ್ ಚೆನ್ನಾಗಿ ಉರಿದರೆ ಬಲ್ಬಿನ ಒಂದು ಫಿಲಮೆಂಟ್ ತುಂಡಾಗಿರುವ ಸಾಧ್ಯತೆ ಹೆಚ್ಚು. ಒಂದು ಬದಿಯ ಎರಡೂ ಸತ್ತಿದ್ದರೆ ಆ ಬದಿಯ ಫ್ಯೂಸ್, ಹೋಲ್ಡರ್ ಅಥವಾ ಅರ್ತಿಂಗ್. ಎರಡೂ ಬದಿ ಒಟ್ಟಿಗೆ ಸತ್ತಿದ್ದರೆ ಎರಡು ಬಲ್ಬ್ ಒಂದೇ ದಿನ ಹೋಗುವುದು ಅಪರೂಪ. ರಿಲೇ, ಸ್ವಿಚ್, ಮುಖ್ಯ ಫ್ಯೂಸ್ ಕಡೆ ನೋಡಬೇಕು. ಎಂಜಿನ್ ಆರಿಸಿದಾಗ ಎರಡೂ ಮಂಕಾಗಿ, ಎಂಜಿನ್ ರೇಸ್ ಮಾಡಿದಾಗ ಬೆಳಗಿದರೆ ಬ್ಯಾಟರಿ ಅಥವಾ ಅದನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್. ಗುಂಡಿಗೆ ಇಳಿದಾಗ ಮಿಟುಕಿದರೆ ಎಲ್ಲೋ ಸಡಿಲ ಸಂಪರ್ಕವಿದೆ. ಮಳೆ ಬಂದ ದಿನ ಮಾತ್ರ ಕಾಡಿದರೆ ಕನೆಕ್ಟರಿನೊಳಗೆ ನೀರು ಇಳಿದಿದೆ.

ಇನ್ನೊಂದು ಲಕ್ಷಣವನ್ನು ಹೆಚ್ಚಿನವರು ಗಮನಿಸುವುದಿಲ್ಲ. ಲೋ ಬೀಮ್ ಹಾಕಿದ್ದಾಗ ಡ್ಯಾಶ್‌ಬೋರ್ಡಿನ ನೀಲಿ ಹೈ ಬೀಮ್ ಗುರುತು ಮಸುಕಾಗಿ ಹೊತ್ತಿಕೊಳ್ಳುತ್ತದೆಯೇ ನೋಡಿ. ಹೊತ್ತಿಕೊಂಡರೆ ಒಂದು ಬದಿಯ ಅರ್ತಿಂಗ್ ಕಡಿದುಹೋಗಿರುವ ಸಾಧ್ಯತೆ ಬಲವಾಗಿದೆ. ಹಿಂತಿರುಗಲು ನೇರ ದಾರಿ ಸಿಗದ ಕರೆಂಟ್ ಅದೇ ಬಲ್ಬಿನ ಹೈ ಬೀಮ್ ಫಿಲಮೆಂಟಿನ ಮೂಲಕ ಹೈ ಬೀಮ್ ವೈರಿಗೆ ನುಗ್ಗಿ, ಆಚೆ ಬದಿಯ ಬಲ್ಬ್ ಮತ್ತು ಆ ನೀಲಿ ಗುರುತಿನ ಮೂಲಕ ಅಡ್ಡದಾರಿ ಹಿಡಿಯುತ್ತದೆ. ಇಂಡಿಕೇಟರಿನ ತಾಳಕ್ಕೆ ಹೆಡ್‌ಲೈಟ್ ಕುಗ್ಗುವುದೂ ಇದೇ ಕುಟುಂಬದ ರೋಗ.

ಎರಡನೆಯ ಹಂತ: ಬ್ಯಾಟರಿ

ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ತಿರುಗಿಸಿ. ರಾತ್ರಿಯಿಡೀ ಸುಮ್ಮನೆ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ, 12.2 ತೋರಿಸಿದರೆ ಅರ್ಧ ಖಾಲಿ. ಎಂಜಿನ್ ಹಚ್ಚಿ, ಹೆಡ್‌ಲೈಟ್ ಹಾಕಿದ ಮೇಲೆ 13.8ರಿಂದ 14.4ರ ನಡುವೆ ನಿಲ್ಲಬೇಕು. 13ಕ್ಕಿಂತ ಕೆಳಗಿದ್ದರೆ ಮೊದಲು ಆಲ್ಟರ್ನೇಟರಿನ ಬೆಲ್ಟ್ ಮತ್ತು ಚಾರ್ಜಿಂಗ್ ಸರಿಪಡಿಸಿ, ಹೆಡ್‌ಲೈಟ್ ಆಮೇಲೆ. 15 ದಾಟಿದರೆ ಆಲ್ಟರ್ನೇಟರಿನ ವೋಲ್ಟೇಜನ್ನು ಮಿತಿಯಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ. ಪದೇ ಪದೇ ಬಲ್ಬ್ ಸುಡುವ ಕಾರುಗಳಲ್ಲಿ ಇದನ್ನು ನೋಡಲೇಬೇಕು, ಏಕೆಂದರೆ ವೋಲ್ಟೇಜ್ ಶೇಕಡ 5ರಷ್ಟು ಏರಿದರೂ ಹ್ಯಾಲೋಜನ್ ಬಲ್ಬಿನ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಟರ್ಮಿನಲ್ಲಿನ ಮೇಲೆ ಬಿಳಿ ಅಥವಾ ನೀಲಿ ಹಸಿರು ಪುಡಿ ಕೂತಿದ್ದರೆ ನೀರಿನಲ್ಲಿ ಕರಗಿಸಿದ ಅಡುಗೆ ಸೋಡಾದಿಂದ ತೊಳೆದು, ಒರೆಸಿ, ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಹಚ್ಚಿ.

ಮೂರನೆಯ ಹಂತ: ಬಲ್ಬ್

ದೀಪ ಆರಿಸಿ ಹತ್ತು ನಿಮಿಷ ತಣಿಯಲು ಬಿಡಿ. ಹಿಂಬದಿಯ ಹೋಲ್ಡರನ್ನು ವೈರು ಹಿಡಿದು ಎಳೆಯದೆ, ಪ್ಲಾಸ್ಟಿಕ್ ಹಿಡಿದು ನೇರವಾಗಿ ಎಳೆಯಿರಿ. ರಬ್ಬರ್ ಮುಚ್ಚಳ ಕಳಚಿ, ತಂತಿಯ ಕ್ಲಿಪ್ಪನ್ನು ಒತ್ತಿ ಬದಿಗೆ ಸರಿಸಿದರೆ ಬಲ್ಬ್ ಹೊರಬರುತ್ತದೆ. ಗಾಜನ್ನು ಬೆರಳಿನಿಂದ ಮುಟ್ಟಬೇಡಿ. ಬೆರಳಿನ ಜಿಡ್ಡು ಅಂಟಿದ ಜಾಗ ಬಿಸಿಯಾದಾಗ ಉಳಿದ ಗಾಜಿಗಿಂತ ಬೇರೆ ರೀತಿ ಕಾಯುತ್ತದೆ, ಅಲ್ಲಿಯೇ ಗಾಜು ಸೋಲುತ್ತದೆ. ತಪ್ಪಿ ಮುಟ್ಟಿದರೆ ಸ್ಪಿರಿಟ್ ಹಾಕಿದ ಬಟ್ಟೆಯಿಂದ ಒರೆಸಿ.

ಗಾಜಿನೊಳಗೆ ಬಿಳಿ ಹೊಗೆ ಕೂತಿದ್ದರೆ ಒಳಗೆ ಗಾಳಿ ಹೋಗಿದೆ. ಬೆಳ್ಳಿಯಂತೆ ಅಥವಾ ಕಪ್ಪಗೆ ಆಗಿದ್ದರೆ ಫಿಲಮೆಂಟ್ ಸವೆದಿದೆ. ಕಣ್ಣಿಗೆ ಏನೂ ಕಾಣದಿದ್ದರೆ ಎಡದ ಬಲ್ಬನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಹಾಕಿ ನೋಡಿ. ರೋಗ ಬಲ್ಬಿನ ಜೊತೆ ಆಚೆ ಬದಿಗೆ ಹೋದರೆ ಬಲ್ಬೇ ಕಾರಣ, ಹೊಸದು ಹಾಕಿ ಕೆಲಸ ಮುಗಿಸಿ. ರೋಗ ಇದ್ದಲ್ಲೇ ಉಳಿದರೆ ಮುಂದೆ ಓದಿ. ಒಂದು ಪೈಸೆ ಖರ್ಚಿಲ್ಲದ ಈ ಅದಲು ಬದಲು ಪರೀಕ್ಷೆಯನ್ನು ಮಾಡದೆಯೇ ನಾನು ಆ ವರ್ಷ ಎರಡು ಬಲ್ಬಿಗೆ ಹಣ ಕೊಟ್ಟಿದ್ದೆ.

ಹೋಲ್ಡರ್ ಕೈಯಲ್ಲಿರುವಾಗಲೇ ಅದರ ಮುಖ ನೋಡಿ. ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿ ಒಂದು ಪಿನ್ನಿನ ಸುತ್ತ ಕರಗಿದ್ದರೆ ಆ ಪಿನ್ನಿನಲ್ಲಿ ಸಂಪರ್ಕ ಸಡಿಲವಾಗಿ ಶಾಖ ಹುಟ್ಟಿದೆ. ಅದನ್ನು ಹೇಗೆ ಬದಲಿಸಬೇಕು ಎಂದು ಮುಂದೆ ಹೇಳುತ್ತೇನೆ.

ನಾಲ್ಕನೆಯ ಹಂತ: ಫ್ಯೂಸ್, ರಿಲೇ, ಸ್ವಿಚ್

ಫ್ಯೂಸ್ ಪೆಟ್ಟಿಗೆಯ ಮುಚ್ಚಳದ ಒಳಗೆ ಚಿತ್ರವಿರುತ್ತದೆ. ಹೆಚ್ಚಿನ ಕಾರುಗಳಲ್ಲಿ ಎಡ ಬಲ ದೀಪಗಳಿಗೆ ಬೇರೆ ಬೇರೆ ಫ್ಯೂಸ್, 10 ಆಂಪಿಯರ್‌ನ ಕೆಂಪು ಅಥವಾ 15 ಆಂಪಿಯರ್‌ನ ನೀಲಿ. ಕಣ್ಣಿನಿಂದ ನೋಡಿ ಸರಿಯಿದೆ ಎನ್ನಬೇಡಿ, ಕೂದಲೆಳೆಯಷ್ಟು ಬಿರುಕು ಕಣ್ಣಿಗೆ ಬೀಳುವುದಿಲ್ಲ. ದೀಪದ ಸ್ವಿಚ್ ಹಾಕಿ, ಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿ ನೆಗೆಟಿವ್‌ಗೆ ಹಿಡಿದು, ಫ್ಯೂಸಿನ ತಲೆಯ ಮೇಲಿರುವ ಎರಡು ಸಣ್ಣ ಲೋಹದ ಚುಕ್ಕೆಗಳಿಗೆ ಕೆಂಪು ಕಡ್ಡಿಯನ್ನು ಒಂದಾದ ಮೇಲೊಂದು ತಾಗಿಸಿ. ಎರಡರಲ್ಲೂ 12 ಬಂದರೆ ಫ್ಯೂಸ್ ಸರಿ. ಒಂದರಲ್ಲಿ ಮಾತ್ರ ಬಂದರೆ ಸುಟ್ಟಿದೆ. ಎರಡರಲ್ಲೂ ಬಾರದಿದ್ದರೆ ಕರೆಂಟ್ ಫ್ಯೂಸಿನವರೆಗೇ ತಲುಪಿಲ್ಲ.

ಹೊಸ ಫ್ಯೂಸ್ ಹಾಕಿದ ತಕ್ಷಣ ಮತ್ತೆ ಸುಟ್ಟರೆ ವೈರು ಎಲ್ಲೋ ಬಾಡಿಗೆ ತಾಗುತ್ತಿದೆ. ಆಗ 30 ಆಂಪಿಯರ್‌ನ ಹಸಿರು ಫ್ಯೂಸ್ ತುರುಕುವುದಾಗಲಿ, ಸಿಗರೇಟ್ ಪೊಟ್ಟಣದ ಬೆಳ್ಳಿ ಹಾಳೆ ಸುತ್ತುವುದಾಗಲಿ ಕಾರಿಗೆ ಬೆಂಕಿ ಹಚ್ಚಲು ಮಾಡುವ ಸಿದ್ಧತೆ. ಸುಟ್ಟ ಫ್ಯೂಸಿನ ಜಾಗಕ್ಕೆ ನಿಮ್ಮ ಟೆಸ್ಟ್ ಲ್ಯಾಂಪಿನ ಎರಡು ತುದಿ ಜೋಡಿಸಿ, ಹೆಡ್‌ಲೈಟ್ ಬಲ್ಬ್ ಕಳಚಿಟ್ಟು, ಸ್ವಿಚ್ ಹಾಕಿ. ಟೆಸ್ಟ್ ಲ್ಯಾಂಪ್ ಉರಿಯುತ್ತಿದ್ದರೆ ಶಾರ್ಟ್ ಇದೆ. ಈಗ ವೈರಿನ ಕಟ್ಟನ್ನು ಅಂಗುಲ ಅಂಗುಲವಾಗಿ ಅಲುಗಿಸುತ್ತಾ ಹೋಗಿ, ಯಾವ ಜಾಗದಲ್ಲಿ ಲ್ಯಾಂಪ್ ಆರುತ್ತದೋ ಅಲ್ಲಿ ವೈರಿನ ಚರ್ಮ ಹರಿದಿದೆ.

ರಿಲೇ ಅಂದರೆ ಸಣ್ಣ ಸ್ವಿಚ್ಚಿನ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಪೆಟ್ಟಿಗೆ. ಅದರ ಮೇಲೆ ಬೆರಳಿಟ್ಟು ಒಬ್ಬರಿಗೆ ಸ್ವಿಚ್ ಹಾಕಲು ಹೇಳಿ. ಟಕ್ ಎಂದು ಸಣ್ಣಗೆ ಮಿಡಿದರೆ ಕಾಯಿಲ್ ಬದುಕಿದೆ. ಮಿಡಿದ ಮಾತ್ರಕ್ಕೆ ಒಳಗಿನ ಸಂಪರ್ಕ ಚೆನ್ನಾಗಿದೆ ಎಂದಲ್ಲ. ಅದೇ ನಂಬರಿನ ಬೇರೆ ರಿಲೇ, ಹೆಚ್ಚಾಗಿ ಹಾರ್ನಿನದ್ದು, ಪಕ್ಕದಲ್ಲೇ ಇರುತ್ತದೆ, ಅದಲು ಬದಲು ಮಾಡಿ ನೋಡಿ. ತಳದಲ್ಲಿ 85, 86 ಎಂದು ಬರೆದ ಪಿನ್ನುಗಳು ಕಾಯಿಲಿನವು, 30 ಒಳಬರುವ ಕರೆಂಟ್, 87 ದೀಪಕ್ಕೆ ಹೋಗುವುದು. ಮಿಡಿಯದಿದ್ದರೆ ರಿಲೇ ಕಳಚಿ, ಅದರ ಗೂಡಿನಲ್ಲಿ 85 ಮತ್ತು 86ರ ನಡುವೆ ಅಳೆಯಿರಿ. ಸ್ವಿಚ್ ಹಾಕಿದಾಗ 12 ಬರದಿದ್ದರೆ ತೊಂದರೆ ಸ್ಟೀರಿಂಗ್ ಬಳಿಯ ಕಾಂಬಿನೇಷನ್ ಸ್ವಿಚ್ ಕಡೆಗಿದೆ.

ರಿಲೇಯೇ ಇಲ್ಲದ ಹಳೆಯ ಕಾರುಗಳಲ್ಲಿ ದೀಪದ ಪೂರ್ತಿ ಕರೆಂಟ್ ಆ ಸ್ವಿಚ್ಚಿನ ಮೂಲಕವೇ ಹಾಯುತ್ತದೆ, ಅದರ ಒಳಗಿನ ತಾಮ್ರದ ತುಟಿಗಳು ಸುಟ್ಟಿರುವುದು ಸಾಮಾನ್ಯ. ಆದರೆ ಏರ್‌ಬ್ಯಾಗ್ ಇರುವ ಕಾರಿನಲ್ಲಿ ಸ್ಟೀರಿಂಗ್ ಚಕ್ರ ಕಳಚುವುದು ಮನೆಯಲ್ಲಿ ಮಾಡುವ ಕೆಲಸವಲ್ಲ. ಅಲ್ಲಿಗೆ ಬಂದು ನಿಂತರೆ ನಿಮ್ಮ ಅಳತೆಯ ಹಾಳೆಯನ್ನು ಆಟೊ ಎಲೆಕ್ಟ್ರಿಷಿಯನ್ ಕೈಗೆ ಕೊಡಿ, ಅವರ ಅರ್ಧ ದಿನ ಉಳಿಯುತ್ತದೆ.

ಐದನೆಯ ಹಂತ: ಉರಿಯುತ್ತಿರುವ ದೀಪದಲ್ಲಿ ಮೂರು ಅಳತೆ

ಮಂಕು ದೀಪದ ರಹಸ್ಯ ಇಲ್ಲಿಯೇ ಬಯಲಾಗುತ್ತದೆ. ಹೋಲ್ಡರ್ ಕಳಚಿ, ಖಾಲಿ ಹೋಲ್ಡರಿಗೆ ಮೀಟರ್ ಇಟ್ಟು, "12 ಬರುತ್ತಿದೆ, ಕರೆಂಟ್ ಸರಿಯಿದೆ" ಎನ್ನುವುದನ್ನು ಎಷ್ಟೋ ಕಡೆ ಕೇಳಿದ್ದೇನೆ. ಅದು ಮೋಸ ಹೋಗುವ ದಾರಿ. ನಲ್ಲಿ ಮುಚ್ಚಿದ್ದಾಗ ಕಟ್ಟಿಕೊಂಡ ಪೈಪಿನಲ್ಲೂ ಒತ್ತಡ ಪೂರ್ತಿ ಇರುತ್ತದೆ, ತೆರೆದಾಗಲೇ ಬಂಡವಾಳ ತಿಳಿಯುವುದು. ಮೀಟರಿನ ಬೀಪ್ ಶಬ್ದವನ್ನೂ ನಂಬಬೇಡಿ. ಹತ್ತಾರು ಎಳೆಗಳ ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಬೀಪ್ ಬರುತ್ತದೆ. ಆ ಒಂದು ಎಳೆ 5 ಆಂಪಿಯರ್ ಹೊರಲಾರದು. ಆದ್ದರಿಂದ ಬಲ್ಬ್ ಹೋಲ್ಡರಿನಲ್ಲೇ ಇದ್ದು, ದೀಪ ಉರಿಯುತ್ತಿರುವಾಗಲೇ ಅಳೆಯಬೇಕು.

ಮೊದಲು ಯಾವ ಪಿನ್ ಯಾವುದೆಂದು ತಿಳಿದುಕೊಳ್ಳಿ. ಹೋಲ್ಡರ್ ಕಳಚಿ, ಕಪ್ಪು ಕಡ್ಡಿಯನ್ನು ಬ್ಯಾಟರಿ ನೆಗೆಟಿವ್‌ಗೆ ಹಿಡಿದು ಮೂರೂ ಗೂಡುಗಳನ್ನು ನೋಡಿ. ಲೋ ಬೀಮ್ ಹಾಕಿದಾಗ 12 ಬರುವುದು ಒಂದು, ಹೈ ಬೀಮ್ ಹಾಕಿದಾಗ ಬರುವುದು ಇನ್ನೊಂದು, ಎಂದೂ ಬಾರದ ಮೂರನೆಯದು ಅರ್ತಿಂಗ್. ಕೆಲವು ಜಪಾನಿ ವಿನ್ಯಾಸದ ಕಾರುಗಳಲ್ಲಿ ಇದು ತಿರುವುಮುರುವು: ಲೋ ಇರಲಿ ಹೈ ಇರಲಿ ಒಂದೇ ಗೂಡಿನಲ್ಲಿ 12 ನಿಂತಿರುತ್ತದೆ, ಸ್ವಿಚ್ ಮಾಡುವುದು ನೆಗೆಟಿವ್ ಬದಿಯನ್ನು. ನಿಮ್ಮ ಕಾರು ಹಾಗಿದ್ದರೆ ಗಾಬರಿ ಬೇಡ. ಆ ಸಾಮಾನ್ಯ ಪಿನ್ನನ್ನು ಪಾಸಿಟಿವ್ ಎಂದೂ ಲೋ ಬೀಮ್ ಪಿನ್ನನ್ನು ನೆಗೆಟಿವ್ ಎಂದೂ ಎಣಿಸಿ ಮುಂದುವರಿಯಿರಿ. ವೈರಿನ ಬಣ್ಣ ನೋಡಿ ತೀರ್ಮಾನಿಸಬೇಡಿ.

ಈಗ ಹೋಲ್ಡರನ್ನು ಬಲ್ಬಿಗೆ ಹಾಕಿ. ಹಿಂಬದಿಯಿಂದ, ವೈರು ಒಳಹೋಗುವ ಸಂದಿಯಲ್ಲಿ ಲೋ ಬೀಮ್ ಪಿನ್ನಿಗೊಂದು, ಅರ್ತಿಂಗ್ ಪಿನ್ನಿಗೊಂದು ಗುಂಡುಸೂಜಿಯನ್ನು ಲೋಹಕ್ಕೆ ತಾಗುವವರೆಗೆ ಜಾರಿಸಿ. ಎರಡು ಸೂಜಿಗಳು ಒಂದಕ್ಕೊಂದು ತಾಗಬಾರದು. ಎಂಜಿನ್ ಹಚ್ಚಿ, ಲೋ ಬೀಮ್ ಹಾಕಿ, ಎರಡು ನಿಮಿಷ ಉರಿಯಲು ಬಿಟ್ಟು ಈ ಮೂರನ್ನು ಅಳೆಯಿರಿ:

ಒಂದು, ಎರಡು ಸೂಜಿಗಳ ನಡುವೆ. ಇದು ಬಲ್ಬಿಗೆ ನಿಜವಾಗಿ ಸಿಗುತ್ತಿರುವ ವೋಲ್ಟೇಜ್.

ಎರಡು, ಬ್ಯಾಟರಿಯ ಪಾಸಿಟಿವ್ ಕಂಬದಿಂದ ಲೋ ಬೀಮ್ ಸೂಜಿಗೆ. ಇದು ಹೋಗುವ ದಾರಿಯಲ್ಲಿ ಕಳೆದದ್ದು.

ಮೂರು, ಅರ್ತಿಂಗ್ ಸೂಜಿಯಿಂದ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ. ಇದು ಬರುವ ದಾರಿಯಲ್ಲಿ ಕಳೆದದ್ದು.

ಮೂರನ್ನೂ ಕೂಡಿದರೆ ಬ್ಯಾಟರಿಯ ವೋಲ್ಟೇಜ್ ಬರಬೇಕು. ಬರದಿದ್ದರೆ ಸೂಜಿ ಸರಿಯಾಗಿ ತಾಗಿಲ್ಲ. ನನ್ನ ಹಾಳೆಯಲ್ಲಿ ಆ ದಿನ ಹೀಗಿತ್ತು: ಬ್ಯಾಟರಿ 14.1. ಬಲಗಡೆಯ ಬಲ್ಬಿಗೆ 13.2, ಹೋಗುವ ದಾರಿಯಲ್ಲಿ 0.6, ಬರುವ ದಾರಿಯಲ್ಲಿ 0.3. ಎಡಗಡೆಯ ಬಲ್ಬಿಗೆ ಬರೀ 10.8, ಹೋಗುವ ದಾರಿಯಲ್ಲಿ ಅದೇ 0.6, ಬರುವ ದಾರಿಯಲ್ಲಿ 2.7.

13.2ರ ಮುಂದೆ 10.8 ಅಂದರೆ ಶೇಕಡ 18ರಷ್ಟು ಕಡಿಮೆ, ಅಷ್ಟೇ ತಾನೆ ಎನಿಸಬಹುದು. ಆದರೆ ಹ್ಯಾಲೋಜನ್ ಬಲ್ಬಿನ ಬೆಳಕು ವೋಲ್ಟೇಜಿನ ಜೊತೆ ಸಮನಾಗಿ ಇಳಿಯುವುದಿಲ್ಲ, ಸುಮಾರು 3.4ನೇ ಘಾತದಲ್ಲಿ ಕುಸಿಯುತ್ತದೆ. ವೋಲ್ಟೇಜ್ ಶೇಕಡ 10 ಇಳಿದರೆ ಬೆಳಕು ಶೇಕಡ 30 ಇಳಿಯುತ್ತದೆ. ನನ್ನ ಎಡ ದೀಪ ಬಲದ ಅರ್ಧ ಬೆಳಕನ್ನಷ್ಟೇ ಕೊಡುತ್ತಿತ್ತು. ಆ ಕಳೆದ 2.7 ವೋಲ್ಟ್ ಎಲ್ಲಿಯೋ ಒಂದು ಕೀಲಿನಲ್ಲಿ 11 ವ್ಯಾಟಿನಷ್ಟು ಶಾಖವಾಗಿ ಉರಿಯುತ್ತಿತ್ತು.

ಹೋಗುವ ದಾರಿಯಲ್ಲಿ 0.5ರ ಆಸುಪಾಸು, ಬರುವ ದಾರಿಯಲ್ಲಿ 0.2ರೊಳಗೆ ಇದ್ದರೆ ಒಪ್ಪಬಹುದು. ಯಾವುದು ಮೀರಿದೆಯೋ ಆ ದಾರಿ ಹಿಡಿಯಿರಿ. ಹೋಗುವ ದಾರಿಯಾದರೆ ಬ್ಯಾಟರಿಯ ಪಾಸಿಟಿವ್‌ನಲ್ಲಿ ಒಂದು ಕಡ್ಡಿ ಇಟ್ಟು, ಇನ್ನೊಂದನ್ನು ಫ್ಯೂಸಿನ ಆಚೆ ಈಚೆ, ರಿಲೇಯ 30, 87, ಆಮೇಲೆ ಹೋಲ್ಡರ್, ಹೀಗೆ ಸರಿಸುತ್ತಾ ಹೋಗಿ. ಎಲ್ಲಿ ಓದು ತಟ್ಟನೆ ಜಿಗಿಯುತ್ತದೋ, ಹಿಂದಿನ ಜಾಗಕ್ಕೂ ಆ ಜಾಗಕ್ಕೂ ನಡುವೆ ರೋಗ.

ಆರನೆಯ ಹಂತ: ಅರ್ತಿಂಗ್ ಸರಿಪಡಿಸುವುದು

ಹೋಲ್ಡರಿನಿಂದ ಹೊರಟ ಅರ್ತಿಂಗ್ ವೈರು ಸಾಮಾನ್ಯವಾಗಿ ಒಂದೆರಡು ಅಡಿಯೊಳಗೆ, ಉಂಗುರದಂಥ ಟರ್ಮಿನಲ್ಲಿನಲ್ಲಿ ಮುಗಿದು, ಬಾಡಿಗೆ ಬೋಲ್ಟಿನಿಂದ ಬಿಗಿದಿರುತ್ತದೆ. ಬ್ಯಾಟರಿ ತಟ್ಟೆಯ ಕೆಳಗೆ, ಹೆಡ್‌ಲೈಟಿನ ಹಿಂದಿನ ತಗಡಿಗೆ ಅಥವಾ ಮಡ್‌ಗಾರ್ಡಿನ ಒಳಮೈಗೆ. ನನ್ನದು ಬ್ಯಾಟರಿ ತಟ್ಟೆಯ ಕೆಳಗಿತ್ತು, ತಟ್ಟೆ ತೆಗೆಯದೆ ಕಾಣುವಂತಿರಲಿಲ್ಲ.

ತಟ್ಟೆ ಎತ್ತಿದೆ. ಮಲೆನಾಡಿನ ಮಣ್ಣು ಅಲ್ಲಿ ಗಟ್ಟಿಯಾಗಿ ಕೂತಿತ್ತು. ಬೆರಳಿನಿಂದ ಕೆರೆದಾಗ ಒಂದೇ ಬೋಲ್ಟಿನ ಕೆಳಗೆ ಒಂದರ ಮೇಲೊಂದು ಮೂರು ಉಂಗುರಗಳು ಕಂಡವು: ಹೆಡ್‌ಲೈಟ್, ಇಂಡಿಕೇಟರ್, ಪಾರ್ಕಿಂಗ್ ದೀಪ. ಬೋಲ್ಟಿನ ತಲೆಯಲ್ಲಿ ಕೆಂಪು ತುಕ್ಕು. ಉಂಗುರಗಳ ಸಂದಿಯಲ್ಲಿ ದೇವರಮನೆಯ ಹಳೆಯ ಹಿತ್ತಾಳೆ ದೀಪಕ್ಕೆ ಹಿಡಿಯುವಂಥದೇ ಹಸಿರು ಕಿಲುಬು. ಬಾಡಿಯ ಬಣ್ಣ ಬೋಲ್ಟಿನ ಸುತ್ತ ಗುಳ್ಳೆ ಎದ್ದಿತ್ತು. ಮುಟ್ಟಿದಾಗ ಬೋಲ್ಟ್ ಬೆಚ್ಚಗಿತ್ತು.

ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಬೋಲ್ಟಿಗೆ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ಕಾಲು ಗಂಟೆ ಕಾಯಿರಿ, ಅವಸರ ಮಾಡಿದರೆ ಬೋಲ್ಟ್ ಮುರಿದು ತಗಡಿನೊಳಗೆ ಉಳಿಯುತ್ತದೆ. ಬಿಚ್ಚಿದ ಮೇಲೆ ಉಂಗುರಗಳನ್ನು ಎರಡೂ ಬದಿ ಉಪ್ಪುಕಾಗದದಿಂದ ಹೊಳೆಯುವವರೆಗೆ ತಿಕ್ಕಿ. ಬಾಡಿಯ ತಗಡನ್ನು ಉಂಗುರ ಕೂರುವಷ್ಟು ಅಗಲ ಮಾತ್ರ ಬಣ್ಣ, ತುಕ್ಕು ಕೆರೆದು ಬಿಳಿಯ ಲೋಹ ಕಾಣುವಂತೆ ಮಾಡಿ. ಕಿಲುಬು ಕಂಡಾಗ ಹುಣಸೆಹಣ್ಣು ನೆನಪಾಗುವುದು ನಮಗೆ ಸಹಜ. ಇಲ್ಲಿ ಬೇಡ. ಹುಳಿಯ ಅಂಶ ವೈರಿನ ಎಳೆಗಳ ನಡುವೆ ಉಳಿದು ಒಳಗಿನಿಂದ ಮತ್ತೆ ತಿನ್ನುತ್ತದೆ.

ಉಂಗುರಕ್ಕೆ ವೈರು ಸೇರುವಲ್ಲಿ ಎರಡು ಅಂಗುಲ ಹೊದಿಕೆ ಬಗ್ಗಿಸಿ ನೋಡಿ. ಗಟ್ಟಿಯಾಗಿದ್ದರೆ ಅಥವಾ ಪುಡಿಪುಡಿ ಸದ್ದು ಬಂದರೆ ಒಳಗಿನ ತಾಮ್ರವೂ ಕಪ್ಪಾಗಿದೆ. ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ, ಹೊಸ ಉಂಗುರ ಒತ್ತಿ ಕೂರಿಸಿ. ನಾನು ಹೆಡ್‌ಲೈಟಿನ ವೈರನ್ನು ಉಳಿದ ಎರಡರಿಂದ ಬೇರ್ಪಡಿಸಿ, ಒಂದು ಗೇಣು ಮೇಲೆ, ಮಣ್ಣು ಹಾರದ ಜಾಗದಲ್ಲಿ ಬೇರೆ ಬೋಲ್ಟಿಗೆ ಹಾಕಿದೆ. ನಿಮಗೂ ಹಾಗೆ ಮಾಡುವಂತೆ ಹೇಳುತ್ತೇನೆ. ಉಂಗುರ, ಮುಳ್ಳಿನ ವಾಷರ್, ಬೋಲ್ಟ್, ಈ ಕ್ರಮದಲ್ಲಿ ಬಿಗಿದು, ಬಿಗಿದ ಮೇಲೆ ಮಾತ್ರ ಮೇಲಿನಿಂದ ವ್ಯಾಸಲೀನ್ ಬಳಿಯಿರಿ. ಕೆರೆದ ಲೋಹ ಹೊರಗೆ ಉಳಿದಿದ್ದರೆ ಅದಕ್ಕೆ ಬಣ್ಣ ಹಚ್ಚಿ. ಬ್ಯಾಟರಿಯ ನೆಗೆಟಿವ್ ಕೇಬಲ್ ಬಾಡಿಗೆ ಸೇರುವ ದೊಡ್ಡ ಬೋಲ್ಟಿಗೂ ಇದೇ ಉಪಚಾರ ಆಗಲಿ, ಎಡ ಬಲ ಎರಡೂ ಕಡೆ ಬರುವ ದಾರಿಯಲ್ಲಿ ಹೆಚ್ಚು ಕಳೆದಿದ್ದರೆ ಕಳ್ಳ ಅಲ್ಲಿಯೇ ಇರುತ್ತಾನೆ.

ಮತ್ತೆ ಅಳೆದಾಗ ಎಡಗಡೆ ಬರುವ ದಾರಿಯಲ್ಲಿ 0.1. ಬಲ್ಬಿಗೆ 13.4, ಬಲಕ್ಕಿಂತಲೂ ತುಸು ಹೆಚ್ಚು. ಖರ್ಚಾದದ್ದು ಒಂದು ಉಂಗುರ, ಒಂದು ವಾಷರ್, ಒಂದು ಮಧ್ಯಾಹ್ನ.

ಹೋಲ್ಡರ್ ಕರಗಿದ್ದರೆ

ಕರಗಿದ ಹೋಲ್ಡರನ್ನು ಉಳಿಸಿಕೊಂಡು ಹೊಸ ಬಲ್ಬ್ ಹಾಕಿದರೆ ಅದೇ ಪಿನ್ ಮತ್ತೆ ಕಾಯುತ್ತದೆ. ವೈರು ಸಮೇತ ಬರುವ ಸೆರಾಮಿಕ್ ಹೋಲ್ಡರ್ ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಬೀದಿಯಲ್ಲಿ, ಜಿಲ್ಲಾ ಕೇಂದ್ರಗಳ ಆಟೊಮೊಬೈಲ್ ಅಂಗಡಿಗಳಲ್ಲಿ ಸಿಗುತ್ತದೆ. ಕೊಳ್ಳುವಾಗ ವೈರಿನ ದಪ್ಪ ನೋಡಿ, 1.5 ಚದರ ಮಿಲಿಮೀಟರಿಗಿಂತ ತೆಳುವಾದದ್ದು ಬೇಡ. ಮೂರು ವೈರುಗಳನ್ನೂ ಒಟ್ಟಿಗೆ ಕತ್ತರಿಸದೆ ಒಂದನ್ನು ಕತ್ತರಿಸಿ, ಜೋಡಿಸಿ, ಆಮೇಲೆ ಇನ್ನೊಂದಕ್ಕೆ ಹೋಗಿ, ಅದಲು ಬದಲಾಗುವ ಭಯ ಇರುವುದಿಲ್ಲ.

ಕರಗಿದ ಹೋಲ್ಡರುಗಳ ಹಿಂದೆ ಹಲವು ಬಾರಿ 100/90 ವ್ಯಾಟಿನ (ಹೈ ಬೀಮ್ 100, ಲೋ ಬೀಮ್ 90) ಬಲ್ಬ್ ಇರುತ್ತದೆ. ಕಾರಿನ ವೈರಿಂಗ್ ಲೆಕ್ಕ ಹಾಕಿರುವುದು 60/55 ವ್ಯಾಟಿಗೆ, ಅಂದರೆ ಬಲ್ಬೊಂದಕ್ಕೆ 5 ಆಂಪಿಯರ್. 100 ವ್ಯಾಟ್ ಸುಮಾರು 8.3 ಆಂಪಿಯರ್ ಎಳೆಯುತ್ತದೆ. ಕೀಲಿನಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗದಂತೆ ಏರುವುದರಿಂದ ಅದು ಹತ್ತಿರ ಹತ್ತಿರ ಮೂರು ಪಟ್ಟು. ಎದುರು ಬರುವವರ ಕಣ್ಣಿಗೂ ಅದು ಶತ್ರು. ಹ್ಯಾಲೋಜನ್ ಗೂಡಿಗೆ ಅಂಗಡಿಯ ಎಲ್ಇಡಿ ತುರುಕುವುದರ ಬಗ್ಗೆಯೂ ನನ್ನ ಅಭಿಪ್ರಾಯ ಇದೇ. ಆ ಪ್ರತಿಫಲಕ ತೆಳ್ಳಗಿನ ಫಿಲಮೆಂಟಿಗಾಗಿ ರೂಪಿಸಿದ್ದು, ಬೇರೆ ಆಕಾರದ ಬೆಳಕು ಅದರಲ್ಲಿ ಚೆಲ್ಲಾಪಿಲ್ಲಿಯಾಗುತ್ತದೆ. ಸಂಪರ್ಕ ಸರಿಯಿದ್ದರೆ 60/55 ವ್ಯಾಟಿನ ಬಲ್ಬೇ ಘಾಟಿಗೆ ಸಾಕು.

ಇಲಿ ಕಡಿದ ವೈರು

ಹಳ್ಳಿಯಲ್ಲಿರಲಿ, ಅಪಾರ್ಟ್‌ಮೆಂಟಿನ ನೆಲಮಹಡಿಯಲ್ಲಿರಲಿ, ನಾಲ್ಕು ದಿನ ನಿಂತ ಕಾರಿನ ಬಾನೆಟ್ಟಿನೊಳಗೆ ಇಲಿ ಸಂಸಾರ ಹೂಡುತ್ತದೆ. ಕಡಿದ ಗುರುತು ಕಂಡರೆ ಆ ಒಂದು ವೈರಲ್ಲ, ಕಟ್ಟಿನ ಸುರುಳಿ ಪೈಪ್ ಬಿಚ್ಚಿ ಆಚೀಚೆ ಒಂದು ಅಡಿ ಎಲ್ಲ ವೈರುಗಳನ್ನೂ ನೋಡಿ. ತುಂಡಾದದ್ದನ್ನು ಕೈಯಲ್ಲಿ ತಿರುಚಿ ಟೇಪ್ ಸುತ್ತಿದರೆ ಮೊದಲ ಮಳೆಗಾಲಕ್ಕೇ ಕಿಲುಬು ಹಿಡಿಯುತ್ತದೆ. ಶಾಖಕ್ಕೆ ಕುಗ್ಗುವ ಸ್ಲೀವನ್ನು ಮೊದಲೇ ವೈರಿಗೆ ಪೋಣಿಸಿಟ್ಟುಕೊಳ್ಳಿ, ಜೋಡಣೆಯ ಕೊಳವೆಯಲ್ಲಿ ಎರಡು ತುದಿ ಸೇರಿಸಿ ಒತ್ತಿ, ಎಳೆದು ಪರೀಕ್ಷಿಸಿ, ಸ್ಲೀವನ್ನು ಮೇಲೆ ಸರಿಸಿ ಬಿಸಿ ಮಾಡಿ. ಒಳಗೆ ಅಂಟು ಇರುವ ಸ್ಲೀವ್ ಆದರೆ ನೀರು ಇಳಿಯುವುದಿಲ್ಲ. ಬೆಸುಗೆ ಹಾಕುವವರು ಬೆಸುಗೆಯ ಪಕ್ಕದ ವೈರು ಅಲುಗಾಡದಂತೆ ಕಟ್ಟಬೇಕು, ಎಂಜಿನ್ ನಡುಕಕ್ಕೆ ಬೆಸುಗೆ ಮುಗಿಯುವ ಅಂಚಿನಲ್ಲೇ ಎಳೆಗಳು ಮುರಿಯುತ್ತವೆ. ಜೋಡಿಸಿದ ವೈರನ್ನು ಹೋಲ್ಡರಿನ ಮುಂಚೆ ಸ್ವಲ್ಪ ಕೆಳಗೆ ಜೋತುಬಿಡಿ. ಹರಿದು ಬಂದ ನೀರು ಆ ತಗ್ಗಿನಿಂದ ತೊಟ್ಟಿಕ್ಕುತ್ತದೆ, ಹೋಲ್ಡರಿನೊಳಗೆ ಹೋಗುವುದಿಲ್ಲ.

ಹೋಗುವ ದಾರಿಯೇ ದುರ್ಬಲವಾದರೆ

ಎಲ್ಲ ಕೀಲು ಶುಚಿಯಾದ ಮೇಲೂ ಹೋಗುವ ದಾರಿಯಲ್ಲಿ 1 ವೋಲ್ಟ್‌ಗಿಂತ ಹೆಚ್ಚು ಕಳೆಯುತ್ತಿದ್ದರೆ, ಅದೂ ರಿಲೇ ಇಲ್ಲದ ಕಾರಾದರೆ, ರಿಲೇ ವೈರಿಂಗ್ ಹಾಕಿಸಿ. ಬ್ಯಾಟರಿಯಿಂದ 2.5 ಚದರ ಮಿಲಿಮೀಟರ್ ವೈರು, ಬ್ಯಾಟರಿಯಿಂದ ಒಂದು ಗೇಣಿನೊಳಗೆ ಫ್ಯೂಸ್, ಲೋ ಬೀಮಿಗೊಂದು ಹೈ ಬೀಮಿಗೊಂದು ರಿಲೇ, ಪ್ರತಿ ರಿಲೇಗೆ 15 ಆಂಪಿಯರ್‌ನ ಫ್ಯೂಸ್. ಹಳೆಯ ಹೆಡ್‌ಲೈಟ್ ವೈರು ಇನ್ನು ಮುಂದೆ ರಿಲೇಯನ್ನು ಎಬ್ಬಿಸುವ ಕೆಲಸವಷ್ಟೇ ಮಾಡುತ್ತದೆ. ನೆಗೆಟಿವ್ ಬದಿಯಲ್ಲಿ ಸ್ವಿಚ್ ಆಗುವ ಕಾರುಗಳಿಗೆ ಇದರ ಜೋಡಣೆ ಬೇರೆ, ಮಾಡಿ ಅನುಭವ ಇರುವವರಿಂದಲೇ ಮಾಡಿಸಿ.

ಕೊನೆಯ ಹಂತ: ಬೆಳಕಿನ ದಿಕ್ಕು

ಬಲ್ಬ್ ಕಳಚಿ ಹಾಕಿದ ಮೇಲೆ ದಿಕ್ಕು ನೋಡದೆ ರಸ್ತೆಗೆ ಇಳಿಯಬೇಡಿ. ಬಲ್ಬಿನ ಮೂರು ಕಿವಿಗಳು ಗೂಡಿನ ಮೂರು ಕಚ್ಚುಗಳಲ್ಲಿ ಕೂರದಿದ್ದರೆ ಬೆಳಕು ಮರದ ತುದಿಗೆ ಹೋಗುತ್ತದೆ. ಟೈರಿನ ಗಾಳಿ ಸರಿಮಾಡಿ, ಚಾಲಕರ ಸೀಟಿನಲ್ಲಿ ಒಬ್ಬರನ್ನು ಕೂರಿಸಿ, ಡ್ಯಾಶ್‌ಬೋರ್ಡಿನಲ್ಲಿ ದೀಪದ ಎತ್ತರದ ಗುಂಡಿಯಿದ್ದರೆ ಸೊನ್ನೆಗೆ ಇಟ್ಟು, ಸಮತಟ್ಟಾದ ಜಾಗದಲ್ಲಿ ಗೋಡೆಯಿಂದ 5 ಮೀಟರ್ ದೂರ ನಿಲ್ಲಿಸಿ. ನೆಲದಿಂದ ಬಲ್ಬಿನ ನಡುವಿನ ಎತ್ತರ ಅಳೆದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ, ಅದರಿಂದ 5 ಸೆಂಟಿಮೀಟರ್ ಕೆಳಗೆ ಇನ್ನೊಂದು. ಲೋ ಬೀಮಿನ ಮೇಲಂಚು ಈ ಕೆಳಗಿನ ಗೆರೆಯ ಮೇಲೆ ಕೂರಬೇಕು. ಇದು ಶೇಕಡ 1ರ ಇಳಿಜಾರು. ದೀಪದ ಮೈಮೇಲೆ ಶೇಕಡ 1.2, 1.3 ಎಂದು ಬೇರೆ ಸಂಖ್ಯೆ ಅಚ್ಚಾಗಿದ್ದರೆ ಅದನ್ನೇ ಅನುಸರಿಸಿ. ನಾವು ಎಡಗಡೆ ಚಲಿಸುವವರಾದ್ದರಿಂದ ಬೆಳಕಿನ ಅಂಚು ಎಡಕ್ಕೆ ಸ್ವಲ್ಪ ಮೇಲೆದ್ದಿರುತ್ತದೆ, ಅದು ದೋಷವಲ್ಲ. ಪಾದಚಾರಿಯನ್ನೂ ಮೈಲಿಗಲ್ಲನ್ನೂ ತೋರಿಸುವುದು ಆ ಏರುಭಾಗವೇ.

ಅಳತೆಯ ಹಾಳೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ಯೂಸ್ ಪೆಟ್ಟಿಗೆಯ ಮುಚ್ಚಳದೊಳಗೆ ಇಟ್ಟಿದ್ದೇನೆ. ಕಳೆದ ಅಕ್ಟೋಬರಿನಲ್ಲಿ, ಒಂದು ಪೂರ್ತಿ ಮಳೆಗಾಲ ನೆನೆದ ಮೇಲೆ ಮತ್ತೆ ಸೂಜಿ ಇಟ್ಟು ನೋಡಿದೆ. ಎಡಗಡೆ ಬರುವ ದಾರಿಯಲ್ಲಿ 0.1 ಹಾಗೆಯೇ ಇತ್ತು. ಬಲಗಡೆಯ 0.3 ಮಾತ್ರ 0.5 ಆಗಿತ್ತು, ಆ ಬೋಲ್ಟನ್ನು ಮರುದಿನವೇ ಬಿಚ್ಚಿದೆ.